ಮುದುಕಿ ತಿರುವಿನ ದೇವರು

ದೇವರ ಮೈ ತೊಳೆಯುತ್ತಿದ್ದಾಗ ದೇವರ ಎದೆಯ ಮೇಲೆ ಡಾಂಬರಿನ ಬಾಣ ಕಾಣಿಸಿತು. ಮೊದಲು ಕೊಳೆ ಎಂದುಕೊಂಡೆ. ತೆಂಗಿನ ನಾರಿನಿಂದ ಇನ್ನೊಂದಿಷ್ಟು ಉಜ್ಜಿದೆ. ಕೊಳೆಯಾಗಿದ್ದರೆ ಹೋಗಬೇಕಿತ್ತು, ಇದು ಉಜ್ಜಿದಷ್ಟೂ ಮಿಂಚಿತು. ಎಣ್ಣೆ ಸಿಂಧೂರದ ದಪ್ಪ ಪದರು ಹಕ್ಕಳೆ ಹಕ್ಕಳೆಯಾಗಿ ಕೈಗೆ ಬರುತ್ತಿತ್ತು. ಅದರ ಕೆಳಗೆ ರೈಲಿನವರ ಕೆಂಪು ಬಣ್ಣದ ದುಂಡು ಗುರುತು, ಗುರುತಿನ ನಡುವೆ ಕೊಳ್ಳದ ಕಡೆಗೆ ಮುಖ ಮಾಡಿದ ಕಪ್ಪು ಬಾಣ. ಅದರ ಅರ್ಥವನ್ನು ನಮ್ಮ ಗ್ಯಾಂಗಿನಲ್ಲಿ ಜಲ್ಲಿ ಹೊರುವ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಈ ಬಂಡೆ ಬೀಳುವಂಥದ್ದು, ಮಳೆ ನಿಂತ ಕೂಡಲೇ ಮೊದಲು ಇದನ್ನು ಬಾಣದ ಕಡೆಗೆ ಉರುಳಿಸಿ, ಉಳಿದ ಕೆಲಸವೆಲ್ಲ ಆಮೇಲೆ.

ನಾವು ಉರುಳಿಸಿರಲಿಲ್ಲ. ಕೆಲಸಕ್ಕೆ ಬಂದ ದಿನದಿಂದ ದಿನಾ ಬೆಳಿಗ್ಗೆ ಅದಕ್ಕೆ ಕೈಮುಗಿದು ಬುಟ್ಟಿ ಎತ್ತಿದ್ದೆವು. ಇವತ್ತಿನ ಗಾಡಿಯಲ್ಲಿ ನನ್ನ ಮಗಳು ಸಗುಣಾ ಐದು ತಿಂಗಳ ಹೊಟ್ಟೆ ಹೊತ್ತುಕೊಂಡು ಬರುವವಳಿದ್ದಳು, ಇದೇ ಬಂಡೆಯ ಕೆಳಗೆ ಇಳಿಯಲಿಕ್ಕೆ.

ನಮ್ಮ ಗುಡ್ಡದ ಚಿಕ್ಕ ರೈಲು ಮಳೆಗಾಲದಲ್ಲಿ ಓಡುವುದಿಲ್ಲ. ಮೊದಲ ಮಳೆ ಬೀಳುತ್ತಲೇ ಡಬ್ಬಿಗಳನ್ನು ಕೆಳಗಿನ ಶೆಡ್ಡಿಗೆ ದೂಡಿ ಬೀಗ ಹಾಕುತ್ತಾರೆ. ಗುಡ್ಡದ ಮೇಲಿನ ಪೇಟೆ ಕುದುರೆಯವರಿಗೂ ಮಂಗಗಳಿಗೂ ಉಳಿಯುತ್ತದೆ. ಹಳಿಗಳಿಗೆ ಏನು ಗತಿ ಕಾಣಿಸಬೇಕೋ ಅದನ್ನು ಮಳೆ ಕಾಣಿಸಿ ಮುಗಿಸಿದ ಮೇಲೆ, ಗಣಪತಿ ಮುಳುಗಿಸಿ ಬಂದ ವಾರದಲ್ಲಿ, ನಮ್ಮ ನೆನಪು ಬರುತ್ತದೆ. ಕುಸಿದ ಮಣ್ಣು ಎತ್ತಬೇಕು, ಕೊಚ್ಚಿಹೋದ ಜಲ್ಲಿ ತುಂಬಬೇಕು, ಹಳಿಯಡಿಯ ಕೊಳೆತ ಅಡ್ಡಪಟ್ಟಿ ಬದಲಿಸಬೇಕು, ದಸರೆಗೆ ಗಾಡಿ ಓಡಬೇಕು. ದೀಪಾವಳಿ ಮುಗಿದರೆ ನಾವು ಯಾರೋ ಅವರು ಯಾರೋ. ಮುಂಬೈ ಮಂದಿ ಕಿಟಕಿಯಿಂದ ತಲೆ ಹೊರಹಾಕಿ ಕಣಿವೆಯ ಫೋಟೊ ಹೊಡೆಯುತ್ತಾರೆ. ನಾವು ತಲೆಯ ಮೇಲೆ ಬುಟ್ಟಿ ಇಟ್ಟು ಪಕ್ಕಕ್ಕೆ ಸರಿದು ನಿಂತಿದ್ದರೆ ನಮ್ಮದೂ ಒಂದು. ಯಾರ ಯಾರ ಮನೆಯಲ್ಲೋ ನನ್ನ ಫೋಟೊ ಇದೆ, ನನ್ನ ಮನೆಯಲ್ಲಿ ಮಾತ್ರ ಇಲ್ಲ.

ಒಂದು ಪದ್ಧತಿ ಮಾತ್ರ ನಮಗೆಂದೇ ಇದೆ. ವರ್ಷದ ಮೊದಲ ಗಾಡಿಗೆ ಟಿಕೆಟಿನವರನ್ನು ಹತ್ತಿಸುವುದಿಲ್ಲ. ಗ್ಯಾಂಗಿನವರ ಹೆಂಡಿರು, ಮಕ್ಕಳು, ಮುದುಕರು ಅದರಲ್ಲಿ ಕೂತು ಮೇಲೆ ಬರುತ್ತಾರೆ. ನೀವು ಬಿಗಿದ ಹಳಿಯ ಮೇಲೆ ಮೊದಲು ನಿಮ್ಮವರೇ ಹೋಗಲಿ ಎಂದು ಹಿಂದೆ ಯಾವ ಸಾಹೇಬ ಹೇಳಿದನೋ, ಭಾರೀ ಕಿಲಾಡಿ ಇರಬೇಕು. ನಮ್ಮಲ್ಲಿ ಎಂಥ ಮೈಗಳ್ಳನೂ ಬೋಲ್ಟು ಸಡಿಲ ಬಿಡುವುದಿಲ್ಲ.

ಈ ಸಲ ಕೆಲಸಕ್ಕೆ ಬಂದಾಗ ಮುದುಕಿ ತಿರುವಿನಲ್ಲಿ ಹೊಸ ದೇವರಿತ್ತು. ಹಳಿಯ ಮೇಲ್ಬದಿಯ ಇಳಿಜಾರಿನಲ್ಲಿ ಎರಡಾಳೆತ್ತರದ ಬಂಡೆ, ಮೈತುಂಬ ಸಿಂಧೂರ, ಕೊರಳಿಗೆ ಚೆಂಡುಹೂವಿನ ಹಾರ. ಮೇಲಿನ ಪೇಟೆಯ ಕುದುರೆಯವನೊಬ್ಬ ಬೆಳ್ಳಿಯ ಕಣ್ಣನ್ನೂ ಅಂಟಿಸಿದ್ದ. ಮಳೆಯಲ್ಲಿ ಸೌದೆಗೆ ಹೋದ ಹೆಂಗಸರಿಗೆ ಮೊದಲು ಕಾಣಿಸಿತಂತೆ. ನಮ್ಮ ಗುಡ್ಡದಲ್ಲಿ ಕೆಂಪು ಮೈಯ ಕಲ್ಲು ಕಂಡರೆ ಇದನ್ನು ಯಾರು ಹಚ್ಚಿದರು ಎಂದು ಯಾರೂ ಕೇಳುವುದಿಲ್ಲ, ಕೈ ತಾನಾಗಿ ಮೇಲೇಳುತ್ತದೆ. ಎಲ್ಲದಕ್ಕೂ ಬಾಯಿ ಹಾಕುವ ನಾನೂ ಕೇಳಲಿಲ್ಲ. ದಾರಿ ಕಾಯುವ ದೇವರು, ವಾಟೋಬಾ, ಎಂದು ಹೆಸರಿಟ್ಟಿದ್ದರು. ಹತ್ತಿ ಹೋಗಿ ಪೂಜೆ ಮಾಡಲು ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನದ ಭಾಕರಿ ತಿಂದು ಕಾಲು ಚಾಚುವ ಹೊತ್ತಿನಲ್ಲಿ ನಾವೇ ಪುಕ್ಕಟೆ ದುಡಿದು ಮೆಟ್ಟಿಲು ಕಟ್ಟಿದೆವು. ಬುಡದ ಮಣ್ಣು ಕಡಿದೆವು. ಬುಡಕ್ಕೆ ಸಿಕ್ಕಿಕೊಂಡಿದ್ದ ಚಪ್ಪಟೆ ಕಲ್ಲುಗಳು ಮೆಟ್ಟಿಲಿಗೆ ಹೇಳಿ ಮಾಡಿಸಿದಂತಿದ್ದವು, ಅವನ್ನೂ ಎಬ್ಬಿಸಿ ಹಾಸಿದೆವು. ಹೆಚ್ಚಿನವನ್ನು ಹೊತ್ತವಳು ನಾನೇ, ಮಗಳ ಹರಕೆಯ ದೇವರೆಂದು.

ಸಗುಣಾಳಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಗಿತ್ತು. ಎರಡನೆಯ ಸಲ ಅವಳು ಒಲೆಯ ಮುಂದೆ ಕೂತು ಅಳದೆ, ಮಾತಾಡದೆ, ಬೂದಿಯಲ್ಲಿ ಕಡ್ಡಿ ಆಡಿಸುತ್ತಿದ್ದದ್ದು ನನ್ನ ಕಣ್ಣಿಂದ ಹೋಗಿಲ್ಲ. ಮೂರನೆಯದು ನಿಂತಾಗ ಗಂಡನ ಊರಿಂದ ಆಷಾಢದ ಮಳೆಯಲ್ಲಿ ನಡೆದೇ ಬಂದು ವಾಟೋಬಾನ ಮುಂದೆ ಸೆರಗೊಡ್ಡಿದ್ದಳು. ಐದು ತಿಂಗಳು ದಾಟಿಸು, ಮೊದಲ ಗಾಡಿಯಲ್ಲಿ ಬಂದು ನಿನಗೆ ತೊಟ್ಟಿಲು ಕಟ್ಟುತ್ತೇನೆ ಎಂದು. ದಾಟಿತು. ನಾನು ಅವಳಷ್ಟೇ ನಂಬಿದ್ದೆ.

ಹಾಗಾಗಿ ದಸರೆಯ ಬೆಳಿಗ್ಗೆ ದೇವರ ಹಳೆಯ ಸಿಂಧೂರ ಕಳಚಿ, ಮೈ ತೊಳೆದು, ಹೊಸದು ಹಚ್ಚುವ ಕೆಲಸ ನನಗೇ ಬಂತು. ತಿರುವಿನಲ್ಲಿ ಮೂವರೇ ಇದ್ದೆವು. ಗ್ಯಾಂಗಿನ ಮೇಸ್ತ್ರಿ, ಮುಕಾದಮ ಲಹಾನೂ ಕಾಕಾ, ಬಾವುಟ ಹಿಡಿದು ಹಳಿಯ ಪಕ್ಕ ಕೂತಿದ್ದ. ಹಾರೆ ಹೊಡೆಯುವ ಬರಕ್ಯಾ ಮೆಟ್ಟಿಲಿಗೆ ಮಾವಿನೆಲೆ ಕಟ್ಟುತ್ತಿದ್ದ. ಬೆಳ್ಳಿಯ ಕಣ್ಣು ಬಿಡಿಸಿ ಎಲೆಯ ಮೇಲಿಟ್ಟು ಉಜ್ಜಲು ಶುರು ಮಾಡಿದಾಗ ನನ್ನನ್ನು ಚಿಕ್ಕಮ್ಮನೆಂದು ಕರೆಯುವ ಬರಕ್ಯಾ ಕಿಚಾಯಿಸಿದ್ದ.

"ಮಾವಶಿ, ದೇವರನ್ನ ಇಷ್ಟು ತಿಕ್ಕಾಕತ್ತೀಯಲ್ಲ, ನಿನ್ನ ಗಂಡನ ಬೆನ್ನು ಯಾವಾಗರ ಹಿಂಗ ತಿಕ್ಕಿದ್ದೀಯೇನು?"

"ನನ್ನ ಗಂಡ ದೇವರಂಗ ಬಾಯಿ ಮುಚಗೊಂಡು ನಿಂತಿದ್ದರ ತಿಕ್ಕತಿದ್ದೆ," ಎಂದಿದ್ದೆ.

ಆ ನಗು ಇನ್ನೂ ಬಾಯಲ್ಲಿರುವಾಗಲೇ ಬಾಣ ಕಂಡದ್ದು. ನಾನು ಬಗ್ಗಿ ಬಂಡೆಯ ಬುಡಕ್ಕೆ ಕೈ ಹಾಕಿದೆ. ಮಣ್ಣು ಸಿಗಬೇಕಿದ್ದಲ್ಲಿ ಏನೂ ಸಿಗಲಿಲ್ಲ. ಮೊಣಕೈವರೆಗೆ ಕೈ ಒಳಗೆ ಹೋಯಿತು. ಒಳಗೆ ತಣ್ಣಗಿತ್ತು. ಸಣ್ಣ ಹರಳುಗಳು ನನ್ನ ಬೆರಳ ಮೇಲೆ ಒಂದೊಂದಾಗಿ ಬೀಳುತ್ತಿದ್ದವು, ನಾನು ಅಲ್ಲಾಡದಿದ್ದರೂ ಬೀಳುತ್ತಿದ್ದವು.

"ಕಾಕಾ, ಮ್ಯಾಲ ಬಾ."

"ಯಾಕ ಭಾಗೂ? ಮುಗೀತೇನು? ಗಾಡಿ ಬರೂ ಹೊತ್ತಾತು."

"ಬಾ ಅಂದ್ರ ಬಾ."

ಲಹಾನೂ ಕಾಕಾ ಮೊಣಕಾಲು ಹಿಡಿದುಕೊಂಡು ಹತ್ತಿ ಬಂದ. ನನಗೆ ಕೆಲಸ ಕಲಿಸಿದವನು ಅವನು. ಹಳಿಗೆ ಕಿವಿ ಇಟ್ಟು ಗಾಡಿ ಎಲ್ಲಿದೆ ಎಂದು ಹೇಳುವವನು. ಬಾಣ ತೋರಿಸಿದೆ. ಅವನೂ ನನ್ನ ಹಾಗೆ ಬೆಚ್ಚಿಬೀಳುತ್ತಾನೆ, ಅಯ್ಯೋ ಎನ್ನುತ್ತಾನೆ, ಬಾವುಟ ಹಿಡಿದು ಕೆಳಗೆ ಓಡುತ್ತಾನೆ ಎಂದು ಮುಖ ನೋಡಿದೆ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಇದು ಯಾರ ಕೈ ಕಾಕಾ?"

"ನಂದ."

"ನಿನಗ ಗೊತ್ತಿತ್ತು?"

"ನಾನ ಹಚ್ಚಿದ್ದು, ನನಗ ಗೊತ್ತಿರೂದಿಲ್ಲೇನ? ಗಾಡಿ ಬಂದ್ ಮಾಡೂ ಮುಂದ ಬಂದು ಬರದು ಹೋಗಿದ್ದೆ."

"ಮತ್ತ ಸುಮ್ನ ಯಾಕಿದ್ದಿ? ದಿನಾ ನಾವು ಕೈ ಮುಗಿಯೂದು ನೋಡಿಕೋತ ಸುಮ್ನ ಯಾಕಿದ್ದಿ?"

"ನಾನೂ ಮುಗಿಯಾಕತ್ತಿದ್ನಲ್ಲ," ಎಂದ. ಎಷ್ಟು ಸಹಜವಾಗಿ ಎಂದ ಎಂದರೆ, ನಾನೇ ಏನೋ ತಪ್ಪು ಕೇಳಿದೆನೇನೋ ಅನ್ನಿಸಿತು. "ಕೇಳು ಭಾಗೂ. ಇದು ಮೊದಲನೇ ಮಳಿಗೇ ಹೋಗತೈತಿ ಅಂತ ಅನಕೊಂಡಿದ್ದೆ. ಎಂಥಾ ಮಳಿ ಆತು, ನೀನ ನೋಡೀದಿ. ಸುರಂಗದ ಹತ್ತರ ನಾ ಗುರುತ ಹಾಕದ ಗುಡ್ಡ ಕುಸೀತು. ಗಟ್ಟಿ ಅದಾವ ಅಂತ ಬಿಟ್ಟ ಕಲ್ಲೆಲ್ಲಾ ಉರಳಿದವು. ಇದೊಂದು ನಿಂತಿತ್ತು. ಪಂಚಮಿಗೆ ಹತ್ತಿ ಬಂದು ನೋಡತೀನಿ, ಯಾರೋ ಹೂವು ಏರಿಸ್ಯಾರ. ಮೈ ಜುಮ್ ಅಂತು ನನಗ. ಬೀಳತೀ ಅಂತ ನಾ ಬರದೆ, ನಿಲ್ಲತೀನಿ ಅಂತ ಅದು ಅಂತು. ಇದಕ್ಕ ದೇವರು ಅನ್ನದ ಮತ್ಯಾವುದಕ್ಕ ಅನ್ಲಿ?"

ಕೆಳಗೆ ಹಳಿಯ ಮೇಲೆ ನಿಂತ ಬರಕ್ಯಾ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಅವನ ಕೈಯಿಂದ ಮಾವಿನೆಲೆಯ ಸರ ಜಾರಿತ್ತು.

"ಅದು ನಿಂತಿದ್ದು ಬುಡದ ಕಲ್ಲಿನ ಮ್ಯಾಲ, ಕಾಕಾ!" ಎಂದು ಕೂಗಿದೆ. "ಆ ಕಲ್ಲು ಕಿತ್ತು ಮೆಟ್ಟಲಾ ಮಾಡೇವಿ. ನಾನ ಹೊತ್ತೀನಿ. ಕೈ ಹಾಕಿ ನೋಡು, ಒಳಗ ಏನೂ ಇಲ್ಲ."

ಅವನು ಕೈ ಹಾಕಲಿಲ್ಲ. ಬಂಡೆಯನ್ನು ಒಮ್ಮೆ ನೋಡಿ ಹಣೆ ಮುಟ್ಟಿಕೊಂಡ.

ಆಗ ಕೆಳಗಿನಿಂದ ಗಾಡಿಯ ಸಿಳ್ಳೆ ಕೇಳಿತು. ನಡುವಿನ ನಿಲ್ದಾಣ ಬಿಟ್ಟಿತ್ತು. ಆ ಸಿಳ್ಳೆಗೆ ಪ್ರತಿ ವರ್ಷ ನಾವೆಲ್ಲ ಕೂಗು ಹಾಕುತ್ತೇವೆ, ಕೆಲಸ ಗೆದ್ದಿತು ಎಂದು. ಈ ಸಲ ನಾನು ಸುರಂಗದ ಕಡೆ ತಿರುಗಿದೆ. ಗಾಡಿ ಸುರಂಗ ದಾಟಿ ಈ ತಿರುವಿಗೆ ಬಂದು ನಿಲ್ಲುತ್ತದೆ. ಹೆಂಗಸರು, ಮಕ್ಕಳು ಇಳಿಯುತ್ತಾರೆ, ಡೋಲು ಬಡಿಯುತ್ತಾರೆ, ಎಲ್ಲರಿಗಿಂತ ಮುಂದೆ ನನ್ನ ಮಗಳು ತೊಟ್ಟಿಲು ಹಿಡಿದು ಆ ಮೆಟ್ಟಿಲು ಹತ್ತುತ್ತಾಳೆ.

"ಕೆಂಪು ಬಾವುಟ ತೋರಸು ಕಾಕಾ. ನಿನ್ನ ಕಾಲಿಗೆ ಬೀಳತೀನಿ."

"ಮೊದಲನೇ ಗಾಡಿಗೆ ಕೆಂಪು ತೋರಸಿದ ಮುಕಾದಮ ಎಲ್ಲ್ಯರ ಅದಾನೇನ? ದೇವರ ಮುಂದ ಗಾಡಿ ಅಡ್ಡ ಹಾಕಿದ್ರ ವರ್ಷ ತುಂಬ ಸೂತಕ."

"ಸತ್ತರ ಸೂತಕ ಅಲ್ಲೇನ?"

"ಬಾಯಿ ಬಿಗಿ ಹಿಡಿ. ನನ್ನ ಹೆಂಡತಿ ಅದರಾಗ ಅದಾಳ. ಸೊಸಿ, ಮೊಮ್ಮಗಳು ಎಲ್ಲಾರೂ ಅದಾರ. ನಂಬಿಗಿ ಇಲ್ಲದ ಕುಂದ್ರಸತಿದ್ನೇನ ನಾ?"

ನಿಜವಾಗಿ ಸಿಡಿಲು ಬಡಿದದ್ದು ಆಗ. ಅವನು ಕಳ್ಳನಾಗಿದ್ದರೆ, ಸುಳ್ಳನಾಗಿದ್ದರೆ, ಅವನ ಏಳು ತಲೆಮಾರಿನ ಚರಿತ್ರೆ ತೆಗೆದು ಬೈಯುವ ನಾಲಿಗೆ ನನಗಿತ್ತು. ನನ್ನ ಬೈಗುಳ ಇಡೀ ಘಟ್ಟಕ್ಕೆ ಗೊತ್ತು. ಆದರೆ ಈ ಮುದುಕ ತನ್ನ ಇಡೀ ಮನೆಯನ್ನು ಆ ಬಂಡೆಯ ಕೆಳಗೆ ತಂದು ನಿಲ್ಲಿಸಲು ಹೊರಟಿದ್ದ, ಹಬ್ಬದ ಅಂಗಿ ಹಾಕಿಕೊಂಡು, ಸಂತೋಷದಿಂದ. ಇಂಥವನಿಗೆ ಏನೆಂದು ಬೈಯಲಿ?

ಮೆಟ್ಟಿಲಿಳಿದು ಹೋಗಿ ಬರಕ್ಯಾನ ಮುಂದೆ ನಿಂತೆ. "ಹಾರಿ ಕೊಡು."

ಅವನು ಹಾರೆಯನ್ನು ಎದೆಗೆ ಅವುಚಿಕೊಂಡ. "ದೇವರಿಗೆ ಹಾರಿ ಹಾಕತಿ ಮಾವಶಿ? ಕೈ ಸೇದಿ ಹೋಗ್ತಾವ."

"ಹೋದ್ರ ನನ್ನ ಕೈ ಹೋಗ್ತಾವ. ನಿನ್ನ ಹೆಂಡತಿ ಯಾವ ಡಬ್ಬ್ಯಾಗ ಕುಂತಾಳೋ?"

ಬರಕ್ಯಾನ ಮುಖದ ಬಣ್ಣ ಇಳಿಯಿತು. ಅವನು ಹಾರೆ ಕೊಡಲಿಲ್ಲ, ಆದರೆ ನಾನು ಕಿತ್ತುಕೊಂಡಾಗ ಬಿಗಿ ಹಿಡಿಯಲೂ ಇಲ್ಲ. ಅದನ್ನು ಊರುಗೋಲು ಮಾಡಿಕೊಂಡು ಇಳಿಜಾರು ಸುತ್ತಿ ಬಂಡೆಯ ಹಿಂದಕ್ಕೆ ಹತ್ತಿದೆ. ಮುಳ್ಳುಕಂಟಿ ಸೀರೆ ಹರಿಯಿತು. ಸುರಂಗದ ಬಾಯಿ ಇನ್ನೂ ಖಾಲಿ ಇತ್ತು. ಬಂಡೆ ಹಳಿಯ ಮೇಲೆ ಬಿದ್ದರೆ ಹಳಿ ಮುರಿಯುತ್ತದೆ, ಹಳಿ ಮುರಿದರೆ ಕಾಕಾ ಕೆಂಪು ತೋರಿಸಲೇಬೇಕು. ನನಗೆ ಹೊಳೆದದ್ದು ಇಷ್ಟೇ.

"ಭಾಗೂ!" ಕಾಕಾ ಕೆಳಗಿನಿಂದ ಕಿರುಚಿದ. "ನಿನ್ನ ಮಗಳ ಹರಕಿ ಐತಿ ಅದರ ಮ್ಯಾಲ! ಕೂಸಿನ ಮ್ಯಾಲ ಕಲ್ಲು ಎಳದಂಗ ಆಗತೈತಿ!"

"ಸರೀರಿ ಇಬ್ರೂ! ಬದೀಗೆ ಸರೀರಿ!"

ಬಂಡೆಯ ಬೆನ್ನಿಗೆ ಸಿಂಧೂರವಿರಲಿಲ್ಲ, ಬರೀ ಪಾಚಿ. ನಾನು ಅದರ ಮೇಲೆ ಅಂಗೈ ಇಟ್ಟೆ. ನಂಬಿಕೆ ಒಂದೇ ಬೆಳಿಗ್ಗೆಗೆ ಎಲ್ಲಿ ಹೋಗುತ್ತದೆ? ಬೇಡಿಕೊಂಡೆ. ವಾಟೋಬಾ, ನೀನು ದೇವರೇ ಆಗಿದ್ದರೆ ಈ ಭಾಗೂಬಾಯಿಯ ಕೈಗೆ ಜಗ್ಗಬೇಡ. ಇಡೀ ಮಳೆಗೆ ಜಗ್ಗದವನು ಒಬ್ಬ ಹೆಂಗಸಿಗೆ ಜಗ್ಗಬೇಡ. ನಾನು ಸೋತು ಕೆಳಗಿಳಿದು ನಿನ್ನ ಕಾಲು ಹಿಡಿಯುತ್ತೇನೆ.

ಹಾರೆಯನ್ನು ಸಂದಿಗೆ ಊರಿದೆ. ಇನ್ನೂ ಮೈಭಾರ ಹಾಕಿರಲಿಲ್ಲ. ಕಾಲು ಎಲ್ಲಿ ಕೊಟ್ಟರೆ ಗಟ್ಟಿ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಹಾರೆ ನನ್ನ ಕೈಯಲ್ಲಿ ಹಗುರಾಯಿತು. ನನ್ನ ಮುಂದೆ ಇದ್ದ ಬಂಡೆ ಇಲ್ಲವಾಗಿ ಅದರ ಜಾಗದಲ್ಲಿ ಆಕಾಶ ಬಂತು.

ಸದ್ದು ಆಮೇಲೆ ಬಂತು. ಮೆಟ್ಟಿಲು, ಮಾವಿನೆಲೆ, ಎಲೆಯ ಮೇಲಿಟ್ಟ ಬೆಳ್ಳಿಯ ಕಣ್ಣು ಎಲ್ಲವನ್ನೂ ಹೊಸಕಿಕೊಂಡು ಹೋಗಿ, ಹಳಿಯನ್ನು ತಂತಿಯಂತೆ ಬಗ್ಗಿಸಿ, ಬಾಣ ತೋರಿಸಿದ ಕಡೆಗೇ ಕೊಳ್ಳಕ್ಕೆ ಹಾರಿತು. ಕೆಳಗೆ ಕಾಡಿನಲ್ಲಿ ಮರ ಮುರಿಯುವುದು ಎಷ್ಟೋ ಹೊತ್ತು ಕೇಳುತ್ತಲೇ ಇತ್ತು. ನಾನು ಹಾರೆ ಹಿಡಿದು ಹಾಗೇ ನಿಂತಿದ್ದೆ. ಬೆವರು ಕೂಡ ಬಂದಿರಲಿಲ್ಲ. ಬೆವರದೇ ಹೋದದ್ದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಧೂಳು ಇಳಿದಾಗ ಲಹಾನೂ ಕಾಕಾ ಸುರಂಗದ ಕಡೆ ಓಡುತ್ತಿರುವುದು ಕಂಡಿತು. ಮೊಣಕಾಲು ನೋವಿನ ಮುದುಕ, ಕೆಂಪು ಬಾವುಟವನ್ನು ತಲೆಯ ಮೇಲೆ ಬೀಸುತ್ತ, ಬಿದ್ದು ಎದ್ದು ಓಡುತ್ತಿದ್ದ. ಗಾಡಿ ಸುರಂಗದೊಳಗೇ ಚೀರಿ ನಿಂತಿತು.

ಅವರೆಲ್ಲ ಹಳಿಯ ಮೇಲೆ ನಡೆದು ಬಂದರು. ಹೊಸ ಸೀರೆಗಳು, ಎಣ್ಣೆ ಹಚ್ಚಿ ಬಾಚಿದ ತಲೆಗಳು, ಡೋಲು ಹಿಡಿದವರ ಕೈ ಸುಮ್ಮನೆ. ಬಗ್ಗಿದ ಹಳಿಯನ್ನು ನೋಡಿದರು, ಆಮೇಲೆ ಮೇಲಿನ ಖಾಲಿ ಗುಳಿಯನ್ನು ನೋಡಿದರು. ಸಗುಣಾ ಹಸಿರು ಸೀರೆ ಉಟ್ಟಿದ್ದಳು. ಕಂಕುಳಲ್ಲಿ ಗಂಡ ಮಾಡಿಕೊಟ್ಟ ಗೇಣುದ್ದದ ಮರದ ತೊಟ್ಟಿಲು. ಅವಳು ಎರಡು ಕಾಲ ಮೇಲೆ ನಡೆದು ಬರುತ್ತಿರುವುದನ್ನು ನೋಡಿ ನನಗೆ ಅಳು ಒತ್ತರಿಸಿ ಬಂತು.

"ಭಾಗೂ ಮಾವಶಿ ದೇವರನ್ನ ಕೊಳ್ಳಕ್ಕ ದಬ್ಬಿದಳು," ಎಂದ ಬರಕ್ಯಾ, ಯಾರೂ ಕೇಳುವ ಮೊದಲೇ.

ಹೆಂಗಸರು ಕೆನ್ನೆ ಬಡಿದುಕೊಂಡರು. ಕಾಕಾನ ಹೆಂಡತಿ ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದಳು. "ಅದು ದೇವರಲ್ರೇ, ಬೀಳೂ ಕಲ್ಲು!" ಎಂದು ಕೂಗಿದೆ. "ಸಿಂಧೂರದ ಕೆಳಗ ಬಾಣ ಇತ್ತು. ಕಾಕಾನ್ನ ಕೇಳ್ರಿ, ಅವನ ಬರದಿದ್ದು!"

ಸಾಕ್ಷಿ ಕೊಳ್ಳದಲ್ಲಿತ್ತು. ಈ ಮುದುಕ ಈಗ ಇಲ್ಲ ಎಂದರೆ ನನ್ನ ಕತೆ ಮುಗಿಯಿತು ಎಂದುಕೊಂಡೆ. ಆದರೆ ಕಾಕಾ ಅಂಥವನಲ್ಲ. ಏದುಸಿರು ಬಿಡುತ್ತ ಎಲ್ಲರಿಗೂ ಕೇಳುವಂತೆ ಹೇಳಿದ. "ಖರೆ ಐತಿ. ಗುರುತು ನಂದ. ಇದು ಬೀಳತೈತಿ ಅಂತ ನಾನ ಬರದಿದ್ದೆ."

ಇನ್ನು ಮಗಳಿಗೆ ತಿಳಿಯುತ್ತದೆ, ಓಡಿ ಬಂದು ಕುತ್ತಿಗೆ ತಬ್ಬುತ್ತಾಳೆ ಎಂದು ಕಾಯ್ದೆ.

ಸಗುಣಾ ಕಾಕಾನ ಕಡೆ ತಿರುಗಿದಳು. "ಮಳಿಗೆ ಬೀಳಬೇಕಾಗಿತ್ತೇನ ಕಾಕಾ ಅದು?"

"ಹೌದವಾ. ಮೊದಲನೇ ಮಳಿಗೇ."

"ಬೀಳಲಿಲ್ಲ."

"ಬೀಳಲಿಲ್ಲವಾ."

ಅವಳು ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ. ಒಲೆಯ ಮುಂದೆ ಕೂತಾಗಿನ ಅದೇ ಮುಖ.

"ನನ್ನ ಕೂಸಿನ ಸಲುವಾಗಿ ತಡಕೊಂಡು ನಿಂತಿತ್ತು ಆಯಿ. ಇಷ್ಟು ದಿನಾ ತಡಕೊಂಡಿತ್ತು. ನಾ ಬಂದು ತೊಟ್ಟಲಾ ಕಟ್ಟೂತನಕಾ ನೀ ತಡೀಲಿಲ್ಲ."

"ತಡದಿದ್ರ ನಿನ್ನ ಮ್ಯಾಲ ಬೀಳತಿತ್ತಲ್ಲೇ ಹುಚ್ಚಿ!"

"ಬೀಳತಿತ್ತು ಅಂತ ನಿನಗ ಹೆಂಗ ಗೊತ್ತು? ನೀ ದಬ್ಬಿದಿ, ಅದು ಬಿತ್ತು."

ನಾನು ದಬ್ಬಲಿಲ್ಲ, ಹಾರೆಯನ್ನು ಇನ್ನೂ ಅದುಮಿಯೇ ಇರಲಿಲ್ಲ ಎಂದೆ. ಮೂರು ಸಲ ಹೇಳಿದೆ. ಬರಕ್ಯಾ ನೆಲ ನೋಡಿದ. ಹಾರೆ ನನ್ನ ಕೈಯಲ್ಲೇ ಇತ್ತು. ಅದು ಎಷ್ಟು ಹಗುರಾಗಿ ಹೋಯಿತೆಂಬುದು ಇಡೀ ಗುಡ್ಡದಲ್ಲಿ ನನ್ನ ಎರಡು ಅಂಗೈಗಳಿಗೆ ಮಾತ್ರ ಗೊತ್ತು.

ಹಾರೆ ಬಿಸಾಡಿ ಮಗಳ ಹತ್ತಿರ ಹೋದೆ. ಅವಳು ಬದುಕಿದ್ದಾಳೆ ಎಂದು ಮುಟ್ಟಿ ನೋಡಬೇಕಿತ್ತು ನನಗೆ, ಅಷ್ಟೇ. ಕೈ ಚಾಚಿದೆ. ಸಗುಣಾ ತೊಟ್ಟಿಲನ್ನು ಹೊಟ್ಟೆಗೆ ಅಡ್ಡ ಹಿಡಿದಳು, ಅದರ ಮೇಲೆ ಸೆರಗು ಎಳೆದುಕೊಂಡಳು. ಕೆಟ್ಟ ಕಣ್ಣಿನವರು ಎದುರಾದಾಗ ಬಸುರಿಯರು ಹೊಟ್ಟೆ ಮರೆಮಾಡುವುದು ಹಾಗೆ. ಅದನ್ನು ಅವಳಿಗೆ ಕಲಿಸಿದವಳು ನಾನೇ.